ಕಾರಿನೊಳಗೆ ಹಲಗೆ ನೆಲ: ಯಾವ ಹಲಗೆ, ಯಾವ ಚೌಕಟ್ಟು, ಯಾವ ಹಿಡಿತ

ಧಾರವಾಡದಿಂದ ಪುಣೆಗೆ ಮರಳುವಾಗ ಖಂಬಾಟಕಿ ಸುರಂಗ ದಾಟಿದೊಡನೆ ರಸ್ತೆ ಇಳಿಜಾರಿನಲ್ಲಿ ಎರಡು ಸಲ ಹೊರಳುತ್ತದೆ. ಕೆಲವು ವರ್ಷಗಳ ಹಿಂದೆ ಆ ತಿರುವಿನಲ್ಲಿ ಮುಂದಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತಿತು. ನಾನು ಬ್ರೇಕ್ ತುಳಿದೆ. ವ್ಯಾನು ನಿಂತಿತು, ವ್ಯಾನಿನೊಳಗೆ ಹಾಕಿಸಿದ್ದ ಹಲಗೆಯ ನೆಲ ನಿಲ್ಲಲಿಲ್ಲ. ಅಕ್ಕಿಯ ಚೀಲ, ಹಾಸಿಗೆಯ ಸುರುಳಿ, ಎರಡು ಟ್ರಂಕುಗಳನ್ನು ಹೊತ್ತುಕೊಂಡೇ ಅದು ನಾಲ್ಕು ಬೆರಳು ಮುಂದಕ್ಕೆ ಜಾರಿ, ನನ್ನ ಹೆಂಡತಿ ಕುಳಿತಿದ್ದ ಸೀಟಿನ ಬೆನ್ನಿಗೆ ಬಡಿಯಿತು. ಅವಳಿಗೆ ಪೆಟ್ಟಾಗಲಿಲ್ಲ. ಮನೆಗೆ ಬಂದು ಕಾರ್ಪೆಟ್ ಎತ್ತಿ ನೋಡಿದರೆ ಆರು ಸ್ಕ್ರೂಗಳಲ್ಲಿ ನಾಲ್ಕು ಬಾಗಿ ಕಿತ್ತು ಬಂದಿದ್ದವು. ತಗಡಿನಲ್ಲಿ ಅವು ಕೂತಿದ್ದ ದುಂಡು ತೂತುಗಳು ಅಂಗಿಯ ಕಾಜದ ಹಾಗೆ ಉದ್ದಕ್ಕೆ ಸೀಳಿಹೋಗಿದ್ದವು. ಹಲಗೆಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ದುಬಾರಿ ಪ್ಲೈವುಡ್ ಅದು. ಬಡಗಿ ಅಂಚುಗಳನ್ನು ಕನ್ನಡಿಯಷ್ಟು ನುಣುಪು ಮಾಡಿದ್ದ.

ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ತಗಡಿನ ಕೆಲಸ ಮಾಡಿದವನು ನಾನು. ಆರು ಸ್ಕ್ರೂಗಳ ಮೇಲೆ ಅಷ್ಟು ಭಾರ ನಿಲ್ಲದು ಎಂಬುದು ನನಗೆ ಗೊತ್ತಿರಬೇಕಿತ್ತು. ಅಂದಿನಿಂದ ಯಾರು ಫಾಲ್ಸ್ ಫ್ಲೋರ್, ಎಂದರೆ ಕಾರಿನ ನೆಲದ ಮೇಲೆ ಇನ್ನೊಂದು ಹಲಗೆಯ ನೆಲ, ಹಾಕಿಸುತ್ತೇನೆಂದು ಬಂದರೂ ನಾನು ಹಲಗೆಯ ಮಾತಿಗೆ ಮೊದಲು ಹಿಡಿತದ ಮಾತು ತೆಗೆಯುತ್ತೇನೆ. ಈ ಬರಹವೂ ಹಾಗೆಯೇ ವಾಲಿಕೊಂಡಿದೆ.

ಕಳೆದ ಒಂದು ವರ್ಷದಲ್ಲಿ ಮೂವರು ಬಂದಿದ್ದರು. ಮೂವರೂ ಪುಣೆಯಲ್ಲಿ ನೆಲೆಸಿದ ನಮ್ಮವರೇ, ಮೂವರ ಅಗತ್ಯವೂ ಬೇರೆ. ಕೋಥರೂಡಿನಲ್ಲಿರುವ ಗದಗದ ಕಡೆಯ ಗಾಯಕಿಯೊಬ್ಬರಿಗೆ ಸಣ್ಣ ಕಾರಿನಲ್ಲಿ ನಾಲ್ಕೂವರೆ ಅಡಿಯ ತಂಬೂರಿಯನ್ನು ಮಲಗಿಸಿಕೊಂಡು ಹೋಗಬೇಕು. ಹಿಂದಿನ ಸೀಟು ಮಡಚಿದರೆ ಡಿಕ್ಕಿಗೂ ಸೀಟಿನ ಬೆನ್ನಿಗೂ ನಡುವೆ ಗೇಣುದ್ದದ ಮೆಟ್ಟಿಲು ಉಳಿಯುತ್ತದೆ, ಅಲ್ಲಿ ತಂಬೂರಿಯ ಕುತ್ತಿಗೆಗೆ ಆಧಾರವೇ ಇಲ್ಲ. ಪಿಂಪ್ರಿಯಲ್ಲಿ ಊಟದ ಗುತ್ತಿಗೆ ಹಿಡಿಯುವ ಕುಂದಾಪುರದವರೊಬ್ಬರಿಗೆ ಸಾಂಬಾರಿನ ಡಬರಿ, ಅನ್ನದ ಪಾತ್ರೆ ಸಾಗಿಸುವ ವ್ಯಾನಿಗೆ ತೊಳೆಯಬಹುದಾದ ನೆಲ ಬೇಕು. ವಾಕಡಿನಲ್ಲಿರುವ ಕಲಬುರಗಿಯ ಹುಡುಗನಿಗೆ ಶನಿವಾರ ತಾರ್ಕರ್ಲಿಯ ಕಡಲತೀರಕ್ಕೋ ಗೋವೆಗೋ ಹೋಗಿ ಕಾರಿನಲ್ಲೇ ಮಲಗುವ ಆಸೆ. ಈ ಮೂವರಿಗೂ ಒಂದೇ ನಕಾಶೆ ಕೊಟ್ಟರೆ ಮೂವರಿಗೂ ಮೋಸ ಮಾಡಿದಂತೆ.

ಮೊದಲು ಭಾರದ ಲೆಕ್ಕ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಕಾರು ಗೋಡೆಗೆ ಗುದ್ದಿ ನಿಂತರೆ, ಒಳಗೆ ಬಿಗಿಯದೆ ಇಟ್ಟ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಆ ವೇಗ ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ, ಬಿಟ್ಟ ವಸ್ತುವಿನ ವೇಗಕ್ಕೆ ಸಮ. ನಿಮ್ಮ ಹಲಗೆಯನ್ನು ಅಂಚು ಕೆಳಗಾಗಿ ಮೂರನೆಯ ಮಹಡಿಯಿಂದ ಬಿಟ್ಟರೆ ಕೆಳಗಿದ್ದವರ ಗತಿಯೇನು ಎಂದು ಯೋಚಿಸಿ. ಮುಂದಿನ ಸೀಟಿನವರ ಬೆನ್ನ ಹಿಂದೆ ಇರುವುದು ಆ ಅಂಚು.

ಬಿಗಿತದ ಲೆಕ್ಕಕ್ಕೆ ನಾನು ತೂಕದ ಇಪ್ಪತ್ತು ಪಟ್ಟು ಎಂದು ಹಿಡಿಯುತ್ತೇನೆ. ನೆಲದ ತೂಕ 15 ಕಿಲೋ, ಅದಕ್ಕೆ ಕಟ್ಟಿದ ಸಾಮಾನು 40 ಕಿಲೋ ಎಂದರೆ ಒಟ್ಟು 55 ಕಿಲೋ, ಅದರ ಇಪ್ಪತ್ತು ಪಟ್ಟು 1,100 ಕಿಲೋ. ನಾಲ್ಕು ಬೋಲ್ಟುಗಳ ನಡುವೆ ಹಂಚಿದರೆ ತಲಾ 275 ಕಿಲೋ. 8.8 ದರ್ಜೆಯ ಗಟ್ಟಿ ಉಕ್ಕಿನ ಎಂ8 ಬೋಲ್ಟು, ಎಂದರೆ 8 ಮಿ.ಮೀ. ದಪ್ಪದ್ದು, ಎರಡು ಟನ್ನಿನ ಎಳೆತಕ್ಕೂ ಜಗ್ಗದು. ಹಾಗಾದರೆ ಸೋಲುವುದು ಯಾವುದು? ಬೋಲ್ಟಿನ ಕೆಳಗಿರುವ ಕಾರಿನ ತಗಡು, ಬೋಲ್ಟಿನ ಮೇಲಿರುವ ಹಲಗೆಯ ತೂತು. ಕಾರಿನ ನೆಲದ ತಗಡು ಒಂದು ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ನನ್ನ ವ್ಯಾನಿನಲ್ಲಿ ಸೀಳಿದ್ದು ಅದೇ.

ಇನ್ನೊಂದು ಸಂಖ್ಯೆಯೂ ಮನಸ್ಸಿನಲ್ಲಿರಲಿ. ಸೀಟುಗಳ ಗಟ್ಟಿತನವನ್ನು ಅಳೆಯುವ ವಿಶ್ವಸಂಸ್ಥೆಯ 17ನೆಯ ವಾಹನ ನಿಯಮದಲ್ಲಿ ಹಿಂದಿನ ಸೀಟಿನ ಬೆನ್ನ ಹಿಂದೆ 18 ಕಿಲೋದ ಎರಡು ದಿಮ್ಮಿಗಳನ್ನಿಟ್ಟು ಪರೀಕ್ಷೆ ನಡೆಸುತ್ತಾರೆ. ಎಂದರೆ 36 ಕಿಲೋ. ಅದಕ್ಕಿಂತ ಹೆಚ್ಚು ಭಾರವನ್ನು ಡಿಕ್ಕಿಯಲ್ಲಿಟ್ಟು ಸೀಟು ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಸೀಟನ್ನು ಮಡಚಿದ ಮೇಲಂತೂ ಆ ತಡೆಯೂ ಉಳಿಯದು.

ಹಲಗೆ: ಯಾವುದು ಯಾರಿಗೆ

ಪುಣೆಯಲ್ಲಿ ಹಲಗೆ ಕೊಳ್ಳಲು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗುವುದು ವಾಡಿಕೆ. ಅಂಗಡಿಯವರು ಮೊದಲು ತೋರಿಸುವುದು ಕಮರ್ಷಿಯಲ್ ಪ್ಲೈ. ಬೇಡ. ಮಳೆಗಾಲದ ಒದ್ದೆ ಕಾಲು, ಸೋರುವ ನೀರಿನ ಕ್ಯಾನು, ಮುಚ್ಚಿದ ಕಾರಿನ ಬಿಸಿ, ಇವುಗಳ ನಡುವೆ ಅದರ ಪದರ ಬಿಚ್ಚಿಕೊಳ್ಳಲು ಒಂದು ಜುಲೈ ಸಾಕು. ಭಾರತೀಯ ಮಾನಕ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆ ಅದಕ್ಕಿಂತ ಮೇಲು, ಐಎಸ್ 710ರ ಮರೈನ್ ಪ್ಲೈ ಇನ್ನೂ ಮೇಲು. ಮೊದಲನೆಯದರ ಅಂಟನ್ನು 8 ಗಂಟೆ ಕುದಿಯುವ ನೀರಿನಲ್ಲಿ ಪರೀಕ್ಷಿಸಿದರೆ ಎರಡನೆಯದನ್ನು 72 ಗಂಟೆ ಕುದಿಸುತ್ತಾರೆ. ಆದರೆ ಹಾಳೆಯ ಮೇಲಿನ ಮುದ್ರೆಯನ್ನು ಮಾತ್ರ ನೋಡಿ ಹಣ ಕೊಡಬೇಡಿ. ಕೊಯ್ದ ಅಂಚನ್ನು ಬೆಳಕಿಗೆ ಹಿಡಿಯಿರಿ. ಒಳಪದರಗಳ ನಡುವೆ ಉಗುರು ತೂರುವಷ್ಟು ಬಿರುಕು ಕಂಡರೆ ಅಲ್ಲಿ ಸ್ಕ್ರೂ ಕಚ್ಚುವುದಿಲ್ಲ, ನೀರು ಮಾತ್ರ ಕೂರುತ್ತದೆ. ಹಾಳೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟಕಟಕ ಎನ್ನುವ ಸದ್ದು ಒಂದೆಡೆ ಡಬ್ ಎಂದು ಇಳಿದರೆ ಒಳಗೆ ಟೊಳ್ಳಿದೆ ಎಂದರ್ಥ.

12 ಮಿ.ಮೀ. ಸಾಕೋ 18 ಬೇಕೋ ಎಂದು ಎಲ್ಲರೂ ಕೇಳುತ್ತಾರೆ. ಹಲಗೆಯ ಬಿಗುವು, ಎಂದರೆ ಬಾಗದೆ ನಿಲ್ಲುವ ಗುಣ, ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 18 ಮಿ.ಮೀ. ಹಲಗೆ 12ರದಕ್ಕಿಂತ ಮೂರೂಕಾಲು ಪಟ್ಟಿಗೂ ಮೇಲೆ ಬಿಗುವು, ತೂಕ ಒಂದೂವರೆ ಪಟ್ಟು. ಲಾಭ ಎನ್ನಿಸುತ್ತದೆ. ಆದರೆ 12ರ ಹಲಗೆಯ ಕೆಳಗೆ ನಟ್ಟನಡುವೆ ಒಂದು ಅಡ್ಡಪಟ್ಟಿ ಕೊಟ್ಟು ಅಂತರವನ್ನು ಅರ್ಧ ಮಾಡಿದರೆ, ಅದೇ ಭಾರಕ್ಕೆ ಅದು ತಗ್ಗುವುದು ಎಂಟನೆಯ ಒಂದು ಭಾಗದಷ್ಟು ಮಾತ್ರ. ದಪ್ಪ ಹಲಗೆಗಿಂತ ತೆಳು ಹಲಗೆ ಮತ್ತು ಒಂದು ಅಡ್ಡಪಟ್ಟಿ ಯಾವಾಗಲೂ ಮೇಲು. ಎಂಟು ಅಡಿ, ನಾಲ್ಕು ಅಡಿಯ 12 ಮಿ.ಮೀ. ಹಾಳೆ ಸುಮಾರು 24 ಕಿಲೋ ತೂಗುತ್ತದೆ, 18ರದು 36ರ ಹತ್ತಿರ. ವ್ಯಾನಿನ ಹಿಂಭಾಗಕ್ಕೆ ಆ ಹಾಳೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೇಕಾದೀತು.

ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಸ್ಪೀಕರ್ ಪೆಟ್ಟಿಗೆ ಮಾಡುವವರು ಮೆಚ್ಚುತ್ತಾರೆ. ಅದರ ಕಾರಣ ಸರಿಯಾದದ್ದೇ, ಅದು ಕಂಪಿಸದು, ಸದ್ದನ್ನು ಕೆಡಿಸದು. ಪೆಟ್ಟಿಗೆಗೆ ಬಳಸಿ, ನೆಲಕ್ಕೆ ಬೇಡ. ಪ್ಲೈಗಿಂತ ಭಾರ, ಅಂಚಿನಲ್ಲಿ ಸ್ಕ್ರೂ ಹಾಕಿದರೆ ಬಿರಿಯುತ್ತದೆ, ನೀರು ಕುಡಿದರೆ ಬ್ರೆಡ್ಡಿನಂತೆ ಉಬ್ಬುತ್ತದೆ. ಬಣ್ಣದ ಫಲಕಗಳಿಗೆ ಬಳಸುವ, ಪ್ಲಾಸ್ಟಿಕ್ಕಿನ ಎರಡೂ ಬದಿಗೆ ತೆಳು ಅಲ್ಯೂಮಿನಿಯಂ ಅಂಟಿಸಿದ ಎಸಿಪಿ ಹಾಳೆ ಹಗುರ, ಅಗ್ಗ, ನೋಡಲೂ ಚೆಂದ. ಮುಚ್ಚಳಕ್ಕೆ ಆದೀತು, ಮೊಣಕಾಲೂರುವ ಜಾಗಕ್ಕೆ ಆಗದು. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಹಲಗೆಗೆ ನೀರಿನ ಭಯವಿಲ್ಲ, ಆದರೆ ಬಿಸಿಲಲ್ಲಿ ನಿಂತ ಕಾರಿನ ಕಾವಿಗೆ ಅದು ಮೆತ್ತಗಾಗುತ್ತದೆ, ಸ್ಕ್ರೂವಿನ ಹಿಡಿತ ಸಡಿಲುತ್ತದೆ.

ಕುಂದಾಪುರದವರಿಗೆ ನಾನು ಹೇಳಿದ್ದು 3 ಮಿ.ಮೀ. ಅಲ್ಯೂಮಿನಿಯಂ ಚೆಕರ್ಡ್ ಪ್ಲೇಟ್, ಜಾರದಂತೆ ಮೇಲೆ ಉಬ್ಬುಗೆರೆ ಇರುವ ತಗಡು. ಚದರ ಮೀಟರಿಗೆ ಎಂಟು ಕಿಲೋಕ್ಕಿಂತ ಸ್ವಲ್ಪ ಹೆಚ್ಚು, 12ರ ಪ್ಲೈಯಷ್ಟೇ ತೂಕ. ಚೆಲ್ಲಿದ ಸಾರನ್ನು ಪೈಪು ಹಿಡಿದು ತೊಳೆಯಬಹುದು, ಎಣ್ಣೆ ಹೀರಿಕೊಳ್ಳದು, ಹುಳ ಹಿಡಿಯದು. ಅದೇ ದಪ್ಪದ ಕಬ್ಬಿಣದ ಪ್ಲೇಟ್ ಅಗ್ಗ, ಆದರೆ ತೂಕ ಮೂರು ಪಟ್ಟು. ಅಷ್ಟು ಭಾರವನ್ನು ನಿತ್ಯ ಹೊತ್ತರೆ ಟೈರು, ಸ್ಪ್ರಿಂಗು, ಬ್ರೇಕು ಮೂರೂ ಬೆಲೆ ತೆರುತ್ತವೆ. ಅಲ್ಯೂಮಿನಿಯಂನಲ್ಲಿ ಎಚ್ಚರ ವಹಿಸಬೇಕಾದದ್ದು ಒಂದೇ. ಅದು ಕಬ್ಬಿಣಕ್ಕೆ ನೇರವಾಗಿ ತಾಗಿ, ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಕೊಂಕಣ, ಗೋವೆಯ ಕಡೆ ಓಡಾಡುವವರು ಎರಡು ಲೋಹಗಳ ನಡುವೆ ರಬ್ಬರ್ ಪಟ್ಟಿ ಹಾಕಲೇಬೇಕು.

ಚೌಕಟ್ಟು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಇಂಚಿನ ಕಬ್ಬಿಣದ ಚೌಕ ಪೈಪು, 1.6 ಮಿ.ಮೀ. ದಪ್ಪದ್ದು, ಮೀಟರಿಗೆ 1.2 ಕಿಲೋ ತೂಗುತ್ತದೆ. ಅದೇ ಅಳತೆಯ 2 ಮಿ.ಮೀ. ಅಲ್ಯೂಮಿನಿಯಂ ಪೈಪು ಅರ್ಧ ಕಿಲೋ. ಕಬ್ಬಿಣವನ್ನು ಯಾವ ಗಲ್ಲಿಯಲ್ಲಾದರೂ ಬೆಸುಗೆ ಹಾಕಿಕೊಡುತ್ತಾರೆ, ಅಲ್ಯೂಮಿನಿಯಂ ಬೆಸುಗೆಗೆ ಕೈ ಪಳಗಿದವರು ಬೇಕು. ಪುಣೆಯವರಿಗೆ ಮೂರನೆಯ ದಾರಿಯೊಂದಿದೆ. ಕಾರ್ಖಾನೆಗಳಲ್ಲಿ ಯಂತ್ರಗಳ ಸುತ್ತ ಬೇಲಿ ಕಟ್ಟಲು ಬಳಸುವ, ನಾಲ್ಕೂ ಬದಿಗೆ ಉದ್ದಕ್ಕೆ ತೋಡು ಇರುವ ಅಲ್ಯೂಮಿನಿಯಂ ಪ್ರೊಫೈಲ್. ಭೋಸರಿ, ಚಾಕಣದ ಕಡೆ ಅದರ ತುಂಡುಗಳು ಸಿಗುತ್ತವೆ. ಬೆಸುಗೆ ಬೇಡ, ಕೀಲಿ ಹಾಕಿ ತಿರುಗಿಸಿದರೆ ಜೋಡಣೆ. ತೆಗೆದು ಹಾಕುವ ನೆಲಕ್ಕೆ ಅದು ಹೇಳಿ ಮಾಡಿಸಿದಂತಿದೆ. ನಟ್ಟುಗಳಿಗೆ ಥ್ರೆಡ್ ಲಾಕ್ ದ್ರವ ಹಚ್ಚದಿದ್ದರೆ ಕಂಪನಕ್ಕೆ ಸಡಿಲುತ್ತವೆ.

ಬೆಸುಗೆ ಏನಿದ್ದರೂ ಕಾರಿನ ಹೊರಗೆ. ಚೌಕಟ್ಟನ್ನು ಕಾರಿನ ನೆಲಕ್ಕೇ ಬೆಸೆದುಬಿಡೋಣ ಎನ್ನುವ ಮಿಸ್ತ್ರಿಗೆ ಕೈ ಮುಗಿದು ಬನ್ನಿ. ಹೆಚ್ಚಿನ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಅಡಿಯಲ್ಲೇ ಇರುತ್ತದೆ. ತುಕ್ಕು ತಡೆಯುವ ಲೇಪ ಸುಟ್ಟುಹೋಗುವುದು ಇನ್ನೊಂದು ನಷ್ಟ.

ಹಿಡಿತ

ಕಾರಿಗೆ ನೆಲವನ್ನು ಕಚ್ಚಿಸಲು ಆರು ದಾರಿಗಳನ್ನು ನೋಡಿದ್ದೇನೆ. ಕೆಟ್ಟದ್ದರಿಂದ ಒಳ್ಳೆಯದರ ಕಡೆಗೆ ಹೋಗುತ್ತೇನೆ.

ಸುಮ್ಮನೆ ಅಳತೆಗೆ ಸರಿಯಾಗಿ ಕೊಯ್ದು ಕೂರಿಸುವುದು, ಜೊತೆಗೆ ವೆಲ್ಕ್ರೋ ಪಟ್ಟಿ. ಗಡಗಡ ಸದ್ದು ನಿಲ್ಲುತ್ತದೆ, ಅಷ್ಟೇ. ಮೂರು ನಾಲ್ಕು ಕಿಲೋದ ಮುಚ್ಚಳ, ಅದರ ಮೇಲೆ ಕೊಡೆ, ಬಟ್ಟೆಯ ಚೀಲ ಎಂದಾದರೆ, ಹಿಂದಿನ ಸೀಟೂ ನೇರವಾಗಿ ನಿಂತಿದ್ದರೆ ಸಾಕಾದೀತು.

ತನ್ನಷ್ಟಕ್ಕೆ ಕೊರೆದುಕೊಂಡು ಹೋಗುವ ಸ್ಕ್ರೂ. ಇದರ ಕಥೆ ಮೇಲೆಯೇ ಹೇಳಿದೆ. ಸ್ಕ್ರೂವಿನ ಮೈಸುತ್ತ ಇರುವ ಸುರುಳಿ ಎಳೆಗಳಲ್ಲಿ ಎರಡರಷ್ಟೂ ಕಚ್ಚಲು ಜಾಗವಿಲ್ಲದ ತಗಡಿನಲ್ಲಿ ಅದು ಹಿಡಿದಂತೆ ತೋರುತ್ತದೆ, ಹಿಡಿದಿರುವುದಿಲ್ಲ. ಇನ್ನೂ ದೊಡ್ಡ ಅಪಾಯ ಅದರ ತುದಿಯದು. ಕೆಳಗೆ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕಿನ ಪೈಪು, ತಂತಿಗಳು ಹಾಯ್ದಿರುತ್ತವೆ. ಯಾರಾದರೂ ಕಾರಿನ ಅಡಿಗೆ ತೆವಳಿ ನೋಡದೆ ಮೇಲಿಂದ ಸ್ಕ್ರೂ ಇಳಿಸಲು ಹೊರಟರೆ ಕೀಲಿ ಕಸಿದುಕೊಂಡು ಮನೆಗೆ ಹೋಗಿ.

ಪಿಯು (ಪಾಲಿಯುರೆಥೇನ್) ಅಂಟು. ಹಲಗೆಯ ಅಡಿಗೆಲ್ಲ ಬಳಿದು ಒತ್ತಿದರೆ ಬಲ ಹರಡಿಕೊಳ್ಳುತ್ತದೆ, ಸದ್ದು ಸಾಯುತ್ತದೆ. ಆದರೆ ಅಂಟು ಹಿಡಿದಿರುವುದು ಬಣ್ಣವನ್ನು, ಬಣ್ಣ ಎಷ್ಟು ಗಟ್ಟಿಯೋ ಅಂಟೂ ಅಷ್ಟೇ. ಆಮೇಲೆ ಕೆಳಗಿನ ತುಕ್ಕನ್ನು ನೋಡುವಂತಿಲ್ಲ, ನೀರು ಇಳಿಯುವ ರಬ್ಬರ್ ಬೂಚು ತೆಗೆಯುವಂತಿಲ್ಲ. ಬೋಲ್ಟಿನ ಜೊತೆಗೆ ಇರಲಿ, ಬೋಲ್ಟಿನ ಬದಲಿಗೆ ಬೇಡ.

ರಿವೆಟ್ ನಟ್ಟು, ಎಂದರೆ ತಗಡಿನ ತೂತಿಗೆ ತೂರಿಸಿ ಹಿಂಡಿ ಕೂರಿಸುವ ನಟ್ಟು. ಒಂದೇ ಬದಿಯಿಂದ ಕೆಲಸ ಆಗುತ್ತದೆ ಎಂಬ ಕಾರಣಕ್ಕೆ ಇದು ಎಲ್ಲರಿಗೂ ಪ್ರಿಯ. ಮುಚ್ಚಳದ ಕೀಲು, ಆಂಪ್ಲಿಫೈಯರ್ ಪಟ್ಟಿ, ಬದಿಯ ಹಲಗೆ, ಇವಕ್ಕೆ ಚೆನ್ನ. ನೆಲದ ಮುಖ್ಯ ಹಿಡಿತಕ್ಕೆ ನಾನು ಒಪ್ಪುವುದಿಲ್ಲ. ತೆಳು ತಗಡಿನಲ್ಲಿ ಒಮ್ಮೆ ಅದು ತಿರುಗತೊಡಗಿತೆಂದರೆ ಬೋಲ್ಟು ಬಿಗಿಯಾಗದು, ಬಿಚ್ಚಲೂ ಬಾರದು.

ಆರ್‌ಪಾರ್ ಬೋಲ್ಟು. ನೆಲದ ತಗಡಿನಲ್ಲಿ ಹೊಸ ತೂತು ಕೊರೆದು, ಕೆಳಗಿನಿಂದ ಉಕ್ಕಿನ ಪಟ್ಟಿ ಕೊಟ್ಟು, ಸಡಿಲದಂತೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟಿನಿಂದ ಬಿಗಿಯುವುದು. ಇಲ್ಲಿ ಪಟ್ಟಿಯೇ ಪ್ರಾಣ. ಕಾರ್ ಪಂದ್ಯಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಸೀಟು ಬಿಗಿಯುವ ಕಡೆ ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂಟಿಮೀಟರ್ ಅಗಲದ ಪಟ್ಟಿ ಕೇಳುತ್ತದೆ. ಸುಮಾರು ಎರಡೂವರೆ ಇಂಚು ಚೌಕ. ನಾವೂ ಆ ಅಳತೆಯನ್ನೇ ಇಟ್ಟುಕೊಂಡರೆ ತಪ್ಪಿಲ್ಲ. ಪಟ್ಟಿಯ ಮೂಲೆಗಳನ್ನು ಅರದಿಂದ ಉಜ್ಜಿ ದುಂಡು ಮಾಡಿ, ಇಲ್ಲದಿದ್ದರೆ ಚೂಪು ಮೂಲೆಯೇ ತಗಡನ್ನು ಕತ್ತರಿಸುತ್ತದೆ. ಕೊರೆಯುವ ಮೊದಲು ಡ್ರಿಲ್ಲಿನ ಮೊನೆಗೆ ತೆಳು ಪೈಪಿನ ತುಂಡೊಂದನ್ನು ತೊಡಿಸಿ, ಮೊನೆ ಹೊರಗೆ ಅರ್ಧ ಇಂಚು ಮಾತ್ರ ಉಳಿಯಲಿ. ತಗಡು ತೂತಾದ ಕ್ಷಣಕ್ಕೆ ಡ್ರಿಲ್ ಧುಮುಕುತ್ತದಲ್ಲ, ಆ ಧುಮುಕನ್ನು ಪೈಪು ತಡೆಯುತ್ತದೆ. ತೂತಿನ ಬರಿಯ ಅಂಚಿಗೆ ಅಂದೇ ಜಿಂಕ್ ಪ್ರೈಮರ್ ಹಚ್ಚಿ, ಬೋಲ್ಟಿನ ಸುತ್ತ ಸೀಲಂಟ್ ಬಳಿಯಿರಿ. ನಾಳೆ ಹಚ್ಚೋಣ ಎಂದು ಬಿಟ್ಟ ತೂತಿನಿಂದಲೇ ತುಕ್ಕು ಹೊರಡುವುದು.

ಎಲ್ಲಕ್ಕಿಂತ ಮೇಲಾದದ್ದು, ಕಾರು ಮಾಡಿದವರೇ ಕೊಟ್ಟಿರುವ ತೂತುಗಳು. ಸೀಟಿನ ಬೋಲ್ಟು ಕೂರುವ ಜಾಗದಲ್ಲಿ ತಗಡಿನ ಹಿಂದೆ ಗಟ್ಟಿ ಪಟ್ಟಿಯೂ ಬೆಸೆದ ನಟ್ಟೂ ಇರುತ್ತವೆ. ಮನುಷ್ಯನನ್ನು ಹೊತ್ತ ಸೀಟನ್ನು ಅಪಘಾತದಲ್ಲಿ ಹಿಡಿದಿಡಲೆಂದೇ ಇಟ್ಟ ಜಾಗ ಅದು. ಹೊಸದಾಗಿ ಏನನ್ನೂ ಕೊರೆಯಬೇಕಿಲ್ಲ. ಇಲ್ಲಿ ಜನ ಎಡವುವುದು ಎಳೆಯ ಅಂತರದಲ್ಲಿ. ಎಂ10 ಬೋಲ್ಟು 1.25 ಮಿ.ಮೀ. ಅಂತರದ್ದೂ ಇರುತ್ತದೆ, 1.5ರದ್ದೂ ಇರುತ್ತದೆ. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ಭೇದ ಕಾಣದು. ತಪ್ಪು ಬೋಲ್ಟು ಬೆರಳಿನಲ್ಲಿ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಗಡುಸಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ತುಕ್ಕಿರಬೇಕು ಎಂದುಕೊಂಡು ಪಾನಾ ಹಾಕಿ ತಿರುಚಿದರೆ ಒಳಗಿನ ಎಳೆ ಹಾಳಾಗುತ್ತದೆ, ಕೆಲವೊಮ್ಮೆ ಬೆಸೆದ ನಟ್ಟೇ ಕಿತ್ತು ಒಳಗೆ ಬಿದ್ದುಬಿಡುತ್ತದೆ. ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗೆ ಹೋಗುವಾಗ ಸೀಟಿನ ಹಳೆಯ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಹೊಸ ನಟ್ಟನ್ನು ಹಳೆಯ ಬೋಲ್ಟಿಗೆ ಕೊನೆಯವರೆಗೆ ತಿರುಗಿಸಿ ನೋಡಿ.

ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಮುಟ್ಟಬೇಡಿ. ಅದು ಸಾಮಾನ್ಯವಾಗಿ 7/16 ಇಂಚಿನ, ಸೂಕ್ಷ್ಮ ಎಳೆಯ ಬೇರೆಯೇ ಬೋಲ್ಟು. ಅದರ ಅಡಿಗೆ ಎಲ್ ಆಂಗಲ್ ತೂರಿಸಿ ನೆಲವನ್ನು ಬಿಗಿದದ್ದನ್ನು ನೋಡಿದ್ದೇನೆ. ಹಲಗೆಯ ಭಾರವನ್ನೂ ಮನುಷ್ಯನ ಭಾರವನ್ನೂ ಒಂದೇ ಬೋಲ್ಟಿಗೆ ಒಂದೇ ಕ್ಷಣದಲ್ಲಿ ನೇತುಹಾಕಿದಂತೆ ಅದು.

ಡಿಕ್ಕಿಯಲ್ಲಿರುವ ಪುಟ್ಟ ಕೊಕ್ಕೆಗಳನ್ನು ನಾನು ಈ ಪಟ್ಟಿಯಲ್ಲಿ ಸೇರಿಸಲಿಲ್ಲ. ಕಾರಿನ ಕೈಪಿಡಿಯಲ್ಲಿ ಅವುಗಳ ಮಿತಿ ಬರೆದಿರುತ್ತದೆ, ಓದಿ. ಹಲವು ಸಣ್ಣ ಕಾರುಗಳಲ್ಲಿ ಅವು ಕೈಚೀಲ ನೇತುಹಾಕಲು ಮಾತ್ರ ಇರುವಂಥವು.

ಯಾವ ದಾರಿ ಹಿಡಿದರೂ ಹಲಗೆಯ ಮೇಲಿನ ಬದಿಗೆ ಅಗಲವಾದ ವಾಷರ್ ಬೇಕು, ಇಲ್ಲವಾದರೆ ಬೋಲ್ಟಿನ ತಲೆ ಮರದೊಳಗೆ ಮುಳುಗುತ್ತದೆ. ತೂತು ಹಲಗೆಯ ಅಂಚಿನಿಂದ ಕನಿಷ್ಠ ಎರಡು ಇಂಚು ಒಳಗಿರಲಿ. ಮುಂದಕ್ಕೆ ಜಾರದಂತೆ ತಡೆದರೆ ಕೆಲಸ ಮುಗಿಯಲಿಲ್ಲ, ಮೇಲಕ್ಕೆ ಏಳದಂತೆಯೂ ತಡೆಯಬೇಕು. ಹಿಂದಿನಿಂದ ಯಾರಾದರೂ ಗುದ್ದಿದಾಗ, ಕಾರು ಮಗುಚಿದಾಗ ನೆಲ ಏಳುತ್ತದೆ. ಸಾಮಾನನ್ನು ಕಟ್ಟುವ ಬಳೆಗಳನ್ನು ಬರಿ ಹಲಗೆಗೆ ಹಾಕದೆ, ಚೌಕಟ್ಟಿನ ಬೋಲ್ಟಿಗೇ ಸೇರಿಸಿ.

ಅನಿಲದ ಸಿಲಿಂಡರ್ ಇರುವವರಿಗೆ

ಮುಂಬೈ, ಪುಣೆಗಳಲ್ಲಿ ಸಿಎನ್‌ಜಿ ಕಾರುಗಳು ಎಷ್ಟಿವೆಯೆಂದರೆ ಈ ಮಾತಿಲ್ಲದೆ ಮಾರ್ಗದರ್ಶಿ ಪೂರ್ತಿಯಾಗದು. ಸಿಲಿಂಡರಿನೊಳಗೆ ಸುಮಾರು 200 ಬಾರ್ ಒತ್ತಡ ಇರುತ್ತದೆ. ಅದರ ಮೇಲೆ ನೆಲ ಕಟ್ಟಿ ಡಿಕ್ಕಿಯನ್ನು ಮರಳಿ ಪಡೆಯುವ ಆಸೆ ಸಹಜ. 2023ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಸಿಎನ್‌ಜಿ ಕಾರಿನಲ್ಲಿ ಕಂಪನಿಯೇ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ನೆಲದ ಕೆಳಗೆ ಮಲಗಿಸಿ ಮೇಲೆ ಸಮನಾದ ಹಲಗೆ ಕೊಟ್ಟಿತು. ಅದನ್ನು ನೋಡಿ ತಮ್ಮ ಕಾರಿನಲ್ಲೂ ಹಾಗೆ ಮಾಡಿಸಲು ಹೊರಡುವವರಿದ್ದಾರೆ. ಸಿಲಿಂಡರನ್ನು ಕದಲಿಸುವ ಕೆಲಸ ಬಡಗಿಯದೂ ಅಲ್ಲ, ನನ್ನದೂ ಅಲ್ಲ. ಅದು ಸಿಎನ್‌ಜಿ ಕಿಟ್ ಕೂರಿಸಲು ಪರವಾನಗಿ ಇರುವ ಕೇಂದ್ರದ ಕೆಲಸ.

ಸಿಲಿಂಡರ್ ಇದ್ದಲ್ಲೇ ಇರಲಿ, ಮೇಲೆ ಹಲಗೆ ಮಾತ್ರ ಎಂದರೆ ಮೂರು ಷರತ್ತುಗಳು. ಹಲಗೆಯ ಭಾರ ಸಿಲಿಂಡರಿನ ಮೇಲೆ, ಅದರ ಪಟ್ಟಿಯ ಮೇಲೆ, ವಾಲ್ವಿನ ಮೇಲೆ ಒಂದಿಷ್ಟೂ ಬೀಳಬಾರದು, ಚೌಕಟ್ಟು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ವಾಲ್ವಿನ ಮೇಲೆ ಕೈ ಹಾಕಿ ತಕ್ಷಣ ತಿರುಗಿಸುವಂತೆ ಮುಚ್ಚಳವಿರಬೇಕು. ಅನಿಲವನ್ನು ಹೊರಗೆ ಒಯ್ಯುವ ಕೊಳವೆಗಳನ್ನು ಹಿಸುಕಬಾರದು. ಮೂರು ವರ್ಷಕ್ಕೊಮ್ಮೆ ಸಿಲಿಂಡರನ್ನು ಹೊರತೆಗೆದು ಒತ್ತಡ ಪರೀಕ್ಷೆ ಮಾಡಿಸಬೇಕಾಗುತ್ತದೆ, ಹಾಗಾಗಿ ಅಂಟು ಹಾಕಿದ ನೆಲ ಇಲ್ಲಿ ನಡೆಯದು.

ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಅಡುಗೆಯ ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನಂತೆ ಕೂರುತ್ತದೆ. ಫಾಲ್ಸ್ ಫ್ಲೋರಿನ ಕೆಳಗಿನ ಖಾಲಿ ಜಾಗ ಅಂಥ ತಗ್ಗು. ಕಲಬುರಗಿಯ ಹುಡುಗ ತನ್ನ ಪುಟ್ಟ ಸಿಲಿಂಡರ್ ಒಲೆಯನ್ನು ನೆಲದ ಕೆಳಗಿನ ಖಾನೆಯಲ್ಲಿ ಇಡುವುದಾಗಿ ಹೇಳಿದಾಗ ನಾನು ನಕಾಶೆಯ ಆ ಭಾಗವನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ. "ಕಾಕಾ, ಮತ್ತೆ ಚಹಾ ಹೇಗೆ ಮಾಡಲಿ?" ಎಂದ. "ತಾರ್ಕರ್ಲಿಯಲ್ಲಿ ಚಹಾದ ಅಂಗಡಿಗಳಿಗೆ ಬರವಿಲ್ಲ ತಮ್ಮಾ" ಎಂದೆ. ಮೇಲೆ ಮಲಗಿದವನಿಗೆ ಕೆಳಗೆ ತುಂಬುವ ಅನಿಲ ತಿಳಿಯುವುದು ತಡವಾಗಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆಸನಗಳ ಸಂಖ್ಯೆ ನೋಂದಣಿ ಪತ್ರದಲ್ಲಿರುವ ವಿವರ. ಆದ್ದರಿಂದ ಸೀಟು ಕಿತ್ತು ನೆಲ ಹಾಕುವುದಾದರೆ ಮೊದಲು ಆರ್‌ಟಿಒ ಕಚೇರಿ, ಆಮೇಲೆ ಬಡಗಿ. ಸೀಟನ್ನು ಇದ್ದಂತೆಯೇ ಉಳಿಸಿ, ಮಡಚಿದಾಗ ಮೇಲೆ ಕೂರುವ, ಕೈಯಿಂದ ತೆಗೆಯಬಹುದಾದ ನೆಲ ಮಾಡುವುದು ಸಾಮಾನು ಇಟ್ಟಷ್ಟೇ ಸರಳ. ನನ್ನ ಒಲವು ಇದರ ಕಡೆಗೇ. ವಿಮೆಯ ಕಂಪನಿಗೆ ಒಂದು ಪತ್ರ ಬರೆದು ತಿಳಿಸುವುದು ಒಳ್ಳೆಯದು. ಓಡುವ ಕಾರಿನಲ್ಲಿ ಆ ನೆಲದ ಮೇಲೆ ಯಾರೂ ಕೂರಬಾರದು, ಮಲಗಬಾರದು. ಮಗು ನಿದ್ದೆ ಬಂದು ಅಳುತ್ತಿದ್ದರೂ ಕೂಡದು.

ಮೂವರಿಗೆ ಕೊಟ್ಟದ್ದು

ಕುಂದಾಪುರದವರ ವ್ಯಾನು ಸರಕು ವಾಹನವೆಂದೇ ನೋಂದಣಿಯಾದದ್ದು, ಸೀಟಿನ ತಕರಾರಿಲ್ಲ. ಹಾಗಾಗಿ ಅವರಿಗೆ ಅಲ್ಯೂಮಿನಿಯಂ ಪ್ಲೇಟ್, ಕಬ್ಬಿಣದ ಚೌಕಟ್ಟು, ನಡುವೆ ರಬ್ಬರ್, ಎಂಟು ಆರ್‌ಪಾರ್ ಬೋಲ್ಟು, ಪ್ರತಿಯೊಂದಕ್ಕೂ ಕೆಳಗೆ ಪಟ್ಟಿ. ಮೂವತ್ತು ಲೀಟರ್ ಬಿಸಿ ಸಾಂಬಾರಿನ ಡಬರಿ ಜಾರಿದರೆ ಏನಾಗುತ್ತದೆಂದು ಅವರಿಗೆ ವಿವರಿಸಬೇಕಾಗಲಿಲ್ಲ. ಡಬರಿಗಳ ತಳ ಕೂರುವಂತೆ ಮೂರಿಂಚು ಎತ್ತರದ ಬಳೆಗಳನ್ನು ಚೌಕಟ್ಟಿಗೇ ಬೆಸೆಸಿದೆವು, ಮುಚ್ಚಳಕ್ಕೆ ಕಟ್ಟುಪಟ್ಟಿ ಬೇರೆ. ಚಾಲಕನ ಬೆನ್ನ ಹಿಂದೆ ಜಾಲರಿಯ ಗೋಡೆಯೂ ಬಂತು.

ಹುಡುಗನಿಗೆ ಪ್ರೊಫೈಲ್ ಚೌಕಟ್ಟು, 12ರ ಮರೈನ್ ಪ್ಲೈ, ಮೂರು ತುಂಡಾಗಿ. ಅವನ ಹಿಂದಿನ ಸೀಟು ಕೀಳಲಿಲ್ಲ, ಮಡಚಿದೆವು. ಕುಶನ್ ಎತ್ತಿದರೆ ಕಾಣುವ ಸೀಟಿನ ಎರಡು ಬೋಲ್ಟುಗಳಿಗೆ ಹಿಡಿಕೆ ಕೊಟ್ಟು, ಹಿಂಬದಿಗೆ ಎರಡು ಆರ್‌ಪಾರ್ ಬೋಲ್ಟು ಹಾಕಿದೆವು. ಚೌಕಟ್ಟು ಈ ನಾಲ್ಕಕ್ಕೆ ಕೈಯಿಂದ ತಿರುಗಿಸುವ ಗುಬುಟುಗಳಿಂದ ಕೂರುತ್ತದೆ, ಪಾನಾದಿಂದ ಕೊನೆಯ ಬಿಗಿತ. ಸೋಮವಾರ ಕಚೇರಿಗೆ ಹೋಗುವಾಗ ಎಲ್ಲವೂ ಮನೆಯಲ್ಲಿ. ಸ್ಟೆಪ್ನಿಗೆ ಮುಚ್ಚಳ ಬಿಡಲು ಅವನು ಮರೆತಿದ್ದ. 165/80 ಆರ್14 ಟೈರಿನ ವ್ಯಾಸ 62 ಸೆಂಟಿಮೀಟರ್, ಮುಚ್ಚಳ 65 ಆದರೂ ಬೇಕು. ಆಂಬೋಲಿ ಘಾಟಿನಲ್ಲಿ ಮಳೆಯಲ್ಲಿ ಪಂಕ್ಚರ್ ಆಗಿ, ಹಾಸಿಗೆ, ಹಲಗೆ, ಚೌಕಟ್ಟು ಎಲ್ಲವನ್ನೂ ರಸ್ತೆಗಿಳಿಸುವ ಪಾಡು ಬೇಡ.

ಗಾಯಕಿಯ ಕೆಲಸ ಚಿಕ್ಕದು, ನನಗೆ ಹೆಚ್ಚು ಹತ್ತಿರವಾದದ್ದು ಅದೇ. ಸವಾಯಿ ಗಂಧರ್ವ ಮಹೋತ್ಸವ ಪುಣೆಯಲ್ಲಿ 1953ರಿಂದ ನಡೆಯುತ್ತಿದೆ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗದ ಕಡೆಯ ಶಿಷ್ಯ ಭೀಮಸೇನ ಜೋಶಿ ಆರಂಭಿಸಿದ್ದು. ಡಿಸೆಂಬರ್ ಬಂತೆಂದರೆ ಈ ಊರಿನಲ್ಲಿ ತಂಬೂರಿಗಳ ಓಡಾಟ ಹೆಚ್ಚುತ್ತದೆ. ಅವರ ಕಾರಿನ ಹಿಂದಿನ ಸೀಟು ಎರಡು ಭಾಗವಾಗಿ ಮಡಚುವಂಥದ್ದು. ಚಿಕ್ಕ ಭಾಗವನ್ನು ಮಾತ್ರ ಮಡಚಿ, ಡಿಕ್ಕಿಯ ಮೆಟ್ಟಿಲನ್ನು ಸಮ ಮಾಡುವ 12ರ ಪ್ಲೈ ಪೆಟ್ಟಿಗೆಯೊಂದನ್ನು ಮಾಡಿದೆವು. ತೂಕ ಐದು ಕಿಲೋ. ಕೆಳಗೆ ಸ್ಟೆಪ್ನಿಯನ್ನು ಹಿಡಿಯುವ ಉದ್ದ ಬೋಲ್ಟಿನ ಗೂಡು ಇರುತ್ತದಲ್ಲ, ಅದಕ್ಕೆ ಇನ್ನಷ್ಟು ಉದ್ದದ, ಅದೇ ಎಳೆಯ ಬೋಲ್ಟು ತಂದು ಸ್ಟೆಪ್ನಿಯನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಬಿಗಿದೆವು. ಇಷ್ಟು ಹಗುರಾದ ಪೆಟ್ಟಿಗೆಗೆ ಅದು ಸಾಕು, ಭಾರದ ನೆಲಕ್ಕೆ ಸಾಲದು. ಪೆಟ್ಟಿಗೆ ತಿರುಗದಂತೆ ಬದಿಗೆ ಎರಡು ರಿವೆಟ್ ನಟ್ಟು. ತಂಬೂರಿಯ ಬುರುಡೆ ಡಿಕ್ಕಿಯಲ್ಲಿ ಕೂರುತ್ತದೆ, ಕುತ್ತಿಗೆ ಮಡಚಿದ ಸೀಟಿನ ಮೇಲೆ ಮುಂದಕ್ಕೆ ಚಾಚುತ್ತದೆ. ಬುರುಡೆಯ ಮುಂದೆ ಅರ್ಧಚಂದ್ರಾಕಾರದ ಹಲಗೆ, ಅದಕ್ಕೆ ದಪ್ಪ ಫೆಲ್ಟು, ಮೇಲಿಂದ ಅಗಲ ಪಟ್ಟಿ. ಅಕ್ಕ ಮೊದಲ ಸಲ ತಂಬೂರಿಯನ್ನು ಮಲಗಿಸಿ, ಪಟ್ಟಿ ಬಿಗಿದು, ಕಾರಿನ ಬಾಗಿಲನ್ನು ಜೋರಾಗಿ ಮುಚ್ಚಿದರು. ತಂತಿಗಳು ಒಮ್ಮೆ ಝುಂ ಎಂದವು, ಹಲಗೆಯಿಂದ ಸದ್ದು ಬರಲಿಲ್ಲ.

ನೆಲ ಕೂರಿಸಿದ ಮೇಲೆ ಎರಡೂ ಕೈಯಿಂದ ಅದರ ಅಂಚು ಹಿಡಿದು ಮೇಲಕ್ಕೆ ಜಗ್ಗಿ ನೋಡಿ, ಕಾರು ಅಲುಗಬೇಕೇ ಹೊರತು ಹಲಗೆ ಅಲುಗಬಾರದು. ಹೊಸ ಎಂ8 ಬೋಲ್ಟಿಗೆ 25 ನ್ಯೂಟನ್ ಮೀಟರ್ ಬಿಗಿತ ಸಾಕು, ಆದರೆ ಹಲಗೆ ನುಗ್ಗಾಗುವಂತೆ ಕಂಡರೆ ವಾಷರ್ ಇನ್ನೂ ಅಗಲದ್ದು ಬೇಕೆಂದು ಅರ್ಥ. ಸೀಟಿನ ಬೋಲ್ಟಿಗೆ ಕೈಪಿಡಿಯ ಅಂಕಿಯೇ ಪ್ರಮಾಣ. ಬಿಗಿದ ಮೇಲೆ ನಟ್ಟಿನಿಂದ ವಾಷರ್ ದಾಟಿ ಹಲಗೆಯವರೆಗೆ ಉಗುರುಬಣ್ಣದಿಂದ ಒಂದು ಗೆರೆ ಎಳೆಯಿರಿ. ಕಾತ್ರಜ್ ಘಾಟ್ ಹತ್ತಿಳಿದು ನೂರು ಕಿ.ಮೀ. ಓಡಿಸಿ ಬಂದು ನೋಡಿ. ಮರ ಒಂದಿಷ್ಟು ಕುಗ್ಗಿರುತ್ತದೆ, ಮತ್ತೊಮ್ಮೆ ಬಿಗಿಯಬೇಕಾಗುತ್ತದೆ. ಆಮೇಲೆ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಗೆರೆ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ನನ್ನ ವ್ಯಾನಿನಲ್ಲಿ ಈಗ ಎಂಟು ಗೆರೆಗಳಿವೆ, ಹೆಂಡತಿಯ ಕುಂಕುಮಗೆಂಪು ಉಗುರುಬಣ್ಣದವು. ಊರಿಗೆ ಹೊರಡುವ ಮುನ್ನ ಅವಳೇ ಬಗ್ಗಿ ಎಣಿಸುತ್ತಾಳೆ.